ಯಾರ ಮುಂದಕ್ಕೆ?

ನರ್ಸಮ್ಮನ ಕಾರು ಗ್ಯಾರೇಜಿಗೆ ಮೂರನೆಯ ಸಲ ಬಂತು. ಗಾಡಿ ಜಾರದಂತೆ ಕಾಯುವ ವ್ಯವಸ್ಥೆಯ ಹಳದಿ ದೀಪ ಮತ್ತೆ ಹತ್ತಿಕೊಂಡಿತ್ತು.

"ತಿರುವಿನಲ್ಲಿ ತಾನೇ ಬ್ರೇಕ್ ಹಾಕ್ಕೊಳ್ಳುತ್ತೆ! ಹಿಂದಿನ ಲಾರಿ ಗುದ್ದೋದೊಂದು ಬಾಕಿ ಇತ್ತು" ಎಂದರು ನರ್ಸಮ್ಮ.

ಗ್ಯಾರೇಜಿನ ಒಡತಿಗೆ ತಲೆ ಕೆಟ್ಟಿತು. ತಿರುವಿನಲ್ಲಿ ಕಾರು ಯಾವ ಪಕ್ಕಕ್ಕೆ ವಾಲುತ್ತದೆ ಎಂದು ಹೇಳುವ ಸೆನ್ಸರನ್ನು ಹೋದ ವಾರವಷ್ಟೇ ಅವಳ ತಮ್ಮ ಬದಲಿಸಿದ್ದ. ವೈರಿಂಗ್ ಕೆಲಸವೆಲ್ಲ ಅವನದೇ.

"ನಿಜ ಹೇಳು — ಹೊಸದು ಅಂತ ಹಳೇದನ್ನ ಹಾಕಿದ್ಯಾ?"

ತಮ್ಮನ ಮುಖ ಕಪ್ಪಿಟ್ಟಿತು. "ಅಷ್ಟೂ ನಂಬಿಕೆ ಇಲ್ವಾ ಅಕ್ಕಾ? ಹಾಗಿದ್ರೆ ನಾನು ಬೇರೆ ಕಡೆ ಕೆಲಸ ನೋಡ್ಕೋತೀನಿ."

ಬಾಯಿ ತಪ್ಪಿ ಆಡಿದ ಮಾತು ಅವಳನ್ನೇ ಚುಚ್ಚಿತು. ಆದರೆ ತಪ್ಪು ಅವನದಲ್ಲದಿದ್ದರೆ ಯಾರದು? ವೈರು ಸರಿ ಇತ್ತು. ಚಕ್ರದ ಸೆನ್ಸರುಗಳೂ ಸರಿ.

"ನೇರ ರಸ್ತೆಯಲ್ಲಿ?" ಎಂದು ನರ್ಸಮ್ಮನನ್ನು ಕೇಳಿದಳು.

"ಏನೂ ಇಲ್ಲಮ್ಮ."

"ಎಡಕ್ಕೆ ತಿರುಗಿಸಿದ್ರೆ?"

"ದೀಪ. ಬಲಕ್ಕೂ ಅಷ್ಟೇ."

"ಶುರುವಾಗಿದ್ದು ಯಾವಾಗ?"

"ಸೀಟಿಗೆ ಹೊಸ ಹೊದಿಕೆ ಹಾಕ್ಸಿದ ಮೇಲೆ. ಅದೇ, ನಿಮ್ಮ ಯಜಮಾನ್ರ ಹತ್ರ."

ಪಕ್ಕದ ಅಂಗಡಿಯಲ್ಲಿ ಸೀಟು ಹೊಲಿಯುತ್ತಿದ್ದ ಗಂಡ ಕತ್ತು ಉದ್ದ ಮಾಡಿದ.

ಅವಳು ಸೆನ್ಸರ್ ಹೇಳುವುದನ್ನು ತೋರಿಸುವ ಸ್ಕ್ಯಾನರ್ ಸಿಕ್ಕಿಸಿ ಅಂಗಳದಲ್ಲಿ ಕಾರನ್ನು ಒಂದು ಸುತ್ತು ತಿರುಗಿಸಿದಳು. ಇಳಿದವಳೇ ಮುಂದಿನ ಸೀಟು ಬಿಚ್ಚಿ, ಕೆಳಗೆ ಬಗ್ಗಿ ನೋಡಿ ನಕ್ಕಳು.

"ಎಡಕ್ಕೆ ತಿರುಗಿಸಿದೆ. ನಾನು ವಾಲಿದ್ದು ಬಲಕ್ಕೆ, ಸೆನ್ಸರ್ ಹೇಳಿದ್ದು ಎಡ! ಅಳತೆ ಸರಿ, ದಿಕ್ಕು ಮಾತ್ರ ಉಲ್ಟಾ. ಕೆಟ್ಟ ಸೆನ್ಸರ್ ಇಷ್ಟು ಕರಾರುವಾಕ್ಕಾಗಿ ತಪ್ಪು ಹೇಳಲ್ಲ. ನೋಡಿ, ಸೆನ್ಸರ್ ಕೂರಿಸೋ ಈ ತಗಡಿನ ಮೇಲಿನ ಬಾಣ ಹಿಂದಿನ ಡಿಕ್ಕಿ ಕಡೆಗಿದೆ. ಸೀಟಿನ ಜೊತೆ ತಗಡನ್ನೂ ಬಿಚ್ಚಿದವರು ತಿರುಗಿಸಿ ಕೂರಿಸಿದ್ದಾರೆ. ಹೊಸ ಸೆನ್ಸರೂ ಅದರ ಮೇಲೇ ಕೂತಿದೆ."

"ಬಾಣ ಮುಂದಕ್ಕಿರಬೇಕು ಅಂತ ನೋಡ್ಕೊಂಡೇ ಹಾಕಿದ್ನಲ್ಲೇ!" ಗಂಡ ಸೂಜಿ ಹಿಡಿದೇ ಓಡಿಬಂದ.

"ಯಾರ ಮುಂದಕ್ಕೆ? ನೀವು ಮುಂದಿನ ಗಾಜಿಗೆ ಬೆನ್ನು ಹಾಕಿ, ಸೀಟಿಗೆ ಮುಖ ಮಾಡಿ ಕೆಲಸ ಮಾಡೋರು. ಡಿಕ್ಕಿನೇ ನಿಮ್ಮ ಮುಂದೆ! ಅಪರಾಧಿ ನನ್ನ ಗಂಡಾನೇ, ನರ್ಸಮ್ಮ."

ಗಂಡ ಪೆಚ್ಚಾದ. ನರ್ಸಮ್ಮ ಹೊಟ್ಟೆ ಹಿಡಿದು ನಕ್ಕರು. ತಮ್ಮ ನಗಲಿಲ್ಲ. ತಗಡನ್ನು ಸರಿಯಾಗಿ ತಿರುಗಿಸಿ ಬೋಲ್ಟ್ ಬಿಗಿದ. ನರ್ಸಮ್ಮ ರಸ್ತೆಯ ಕೊನೆಯವರೆಗೂ ಹೋಗಿ, ಎರಡು ತಿರುವು ಸುತ್ತಿ ಬಂದರು. ದೀಪ ಹತ್ತಲಿಲ್ಲ.

"ತಗಡು ನೋಡದೇ ಹಾಕಿದ್ದು ನನ್ನ ತಪ್ಪೇ" ಎಂದ ತಮ್ಮ, ತಲೆ ಎತ್ತದೆ.

"ಅದು ಸಣ್ಣದು. ನಿನ್ನನ್ನ ಕಳ್ಳ ಅಂದ್ಕೊಂಡಿದ್ದು ದೊಡ್ಡದು. ತಪ್ಪಾಯ್ತು ಕಣೋ."

"ಏನಂದೆ? ಕೇಳಿಸ್ಲಿಲ್ಲ."

"ತಪ್ಪಾಯ್ತು ಅಂದೆ!"

"ಭಾವನಿಗೂ ಕೇಳಿಸ್ಬೇಕು."

ಅವಳು ಬೀದಿಗೆಲ್ಲ ಕೇಳುವಂತೆ ಕೂಗಿದಳು. ತಮ್ಮ ಸ್ಪ್ಯಾನರ್ ಒರೆಸಿಕೊಂಡು ಕೇಳಿದ: "ಸರಿ, ಮುಂದಿನ ಗಾಡಿ ಯಾವ್ದಕ್ಕಾ?"