ಮೆಟ್ಟಿಲ ಗಲ್ಲಿಯ ಮನೆ ನಂಬರುಗಳು

ಗುರುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ದೂರು ಅರ್ಜಿಯಿತ್ತು, ಕಂಕುಳಲ್ಲಿ ಸುತ್ತಿದ ನಕ್ಷೆಯಿತ್ತು. ಮುಖ ಮಾತ್ರ ಅಳಲೋ ಬೈಯಲೋ ಎಂದು ಇನ್ನೂ ತೀರ್ಮಾನಿಸಿರಲಿಲ್ಲ.

ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರೂ ಇಲಾಖೆಗಳು ಹದಿನೆಂಟು ತಿಂಗಳಿಂದ ಕಿತ್ತಾಡಿಕೊಂಡೇ ಕಟ್ಟುತ್ತಿದ್ದ ಒಂದು ಏರ್ಪಾಟಿತ್ತು. ಕರೆ ಮಾಡಿದವರು ಮನೆ ನಂಬರು ಹೇಳಿದರೆ ಸಾಕು. ಯಾವ ಗಾಡಿ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಕಂಪ್ಯೂಟರೇ ಹೇಳುತ್ತದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅದು ಶುರು. ಅದರ ನಕ್ಷೆಯ ಕೆಲಸ ಈಕೆಯದು. ಎಲ್ಲರ ಬಾಯಲ್ಲೂ ನಕ್ಷೆ ಮೇಡಂ.

"ಏನು ಕಳುವಾಯ್ತು ಮೇಡಂ?" ಇನ್ಸ್‌ಪೆಕ್ಟರ್ ಕೇಳಿದರು.

"ಕಳುವಲ್ಲ ಸಾರ್. ಮೆಟ್ಟಿಲ ಗಲ್ಲಿ ಹಿಂದುಮುಂದಾಗಿದೆ."

ಗಲ್ಲಿಯಲ್ಲಿ ಮೂವತ್ತೊಂದು ಮನೆ. ಸರ್ವೆಯವರು ಗೋಡೆಗಳ ಮೇಲೆ ನಂಬರು ಬರೆದು ಹೋಗಿದ್ದರು. ನಿನ್ನೆ ಬೆಳಿಗ್ಗೆ ನೋಡಿದಾಗ ಸರಿಯಾಗಿದ್ದವು. ಈ ದಿನ ಕೊನೆಯ ಪರಿಶೀಲನೆಗೆಂದು ಹೋದರೆ ಒಂದನೆಯ ಮನೆ ಮೂವತ್ತೊಂದಾಗಿತ್ತು, ಎರಡನೆಯದು ಮೂವತ್ತಾಗಿತ್ತು.

"ಸೋಮವಾರದೊಳಗೆ ಸರಿ ಹೋಗ್ದಿದ್ರೆ?"

"ಆ ಗಲ್ಲೀನ ಬಿಟ್ಟೇ ಶುರು ಮಾಡ್ತೀವಿ. ಮುಂದಿನ ಸರ್ವೆ ಇನ್ನೊಂದು ವರ್ಷಕ್ಕೆ. ಅಲ್ಲೀತನಕ ಕಂಪ್ಯೂಟರ್ ಪಾಲಿಗೆ ಅಲ್ಲಿ ಮನೆಗಳೇ ಇಲ್ಲ."

ಹತ್ತೂ ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ: ಸರ್ಕಾರಿ ಗುರುತು ಅಳಿಸಿದ್ದು. ಆರೋಪಿ: ಅಪರಿಚಿತ.

ಪ್ರಯೋಗಕ್ಕೆಂದು ಆಗಲೇ ಚಾಲೂ ಮಾಡಿದ್ದ ಜೀಪಿನ ಹೊಸ ಪರದೆ ಕೆಳಗಿನ ರಸ್ತೆಯಲ್ಲೇ ನಿಲ್ಲಿಸು ಎಂದಿತು. ಅಲ್ಲಿಂದ ಮೇಲಕ್ಕೆ ಕಡಿದಾದ ಮೆಟ್ಟಿಲುಗಳು. ಊರೆಲ್ಲ ಮೀಸೆ ಎಂದೇ ಕರೆಯುತ್ತಿದ್ದ ಕಾನ್‌ಸ್ಟೇಬಲ್ ಎಣಿಸುತ್ತಾ ಹತ್ತಿದ: ಎಂಬತ್ತನಾಲ್ಕು. ಮೇಲೆ ತಲುಪಿದ ಇನ್ಸ್‌ಪೆಕ್ಟರಿಗೆ ಏದುಸಿರು ಬಿಡುತ್ತಲೇ ಕಂಡದ್ದು ಚಪ್ಪಟೆಯಾದ ಗಲ್ಲಿ. ಅದರ ಆಚೆ ತುದಿ ಒಂದು ಮೆಟ್ಟಿಲೂ ಇಲ್ಲದೆ ಮೇಲಿನ ರಸ್ತೆಗೆ ಸೇರಿತ್ತು.

"ಅಲ್ಲಿಂದ ಬರಬಹುದಿತ್ತಲ್ಲ ಮೇಡಂ!"

"ಒಂದನೇ ನಂಬರು ಎಲ್ಲಿದೆಯೋ ಅದೇ ಗಲ್ಲಿಯ ಬಾಗಿಲು ಅಂತ ಕಂಪ್ಯೂಟರ್ ಲೆಕ್ಕ ಸಾರ್. ಬದಲಾಯಿಸ್ಬೇಕಂದ್ರೆ ಮೂರು ಇಲಾಖೆ ಸಹಿ ಬೇಕು. ಇಲ್ಲಾ, ಮೂರರಲ್ಲಿ ಯಾವ್ದಾದ್ರೂ ಒಂದು ಗಾಡಿ ನಿಜವಾದ ಕೆಲಸಕ್ಕೆ ಬಂದು ಇನ್ನೊಂದು ಕಡೆ ನಿಂತಿದ್ದು ದಾಖಲಾಗ್ಬೇಕು. ಆಮೇಲೆ ಅದನ್ನೇ ಹಿಡ್ಕೊಳುತ್ತೆ."

ಹನ್ನೊಂದೂವರೆಗೆ ಪಂಚನಾಮೆ ಶುರುವಾಯಿತು. ಮೀಸೆ ಟೇಪು ಹಿಡಿದ. ಸರ್ವೆಯವರ ನಂಬರುಗಳು ಐದಡಿ ಎತ್ತರದಲ್ಲಿದ್ದವು. ಅವನ್ನು ಬಣ್ಣ ಬಳಿದು ಮುಚ್ಚಿದ್ದರು. ಹೊಸವು ಮೂರೇ ಅಡಿಯಲ್ಲಿ, ಮುತ್ತು ಪೋಣಿಸಿದಂತೆ. ಮುಚ್ಚಿದ ಬಣ್ಣವನ್ನು ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಹಸಿರು ಗೋಡೆಗೆ ಅದೇ ಹಸಿರು, ಹಳದಿಗೆ ಅದೇ ಹಳದಿ.

"ಮೀಸೆ, ಮನೆಗೆ ಬಳಿದು ಮಿಕ್ಕ ಬಣ್ಣ ಯಾರ ಹತ್ರ ಇರುತ್ತೆ?"

"ಮನೆಯವರ ಹತ್ರಾನೇ ಸಾರ್. ನಮ್ಮನೇಲೂ ಅಟ್ಟದ ಮೇಲೆ ಒಂದು ಡಬ್ಬಿ..." ಮೀಸೆ ಬಾಯಿ ತೆರೆದುಕೊಂಡೇ ನಿಂತ. "ಅಂದ್ರೆ, ಇಡೀ ಗಲ್ಲೀನೇ?"

ಇಡೀ ಗಲ್ಲಿಯಲ್ಲಿ ಯಾರೂ ಏನೂ ನೋಡಿರಲಿಲ್ಲ. ಹೊಲಿಗೆ ಮಿಷನ್ನಿನ ಹಿಂದೆ ಕೋಣೆ ತುಂಬ ಕೂತಿದ್ದ ಟೈಲರ್ ಅಕ್ಕನಂತೂ ತಲೆಯನ್ನೇ ಎತ್ತಲಿಲ್ಲ.

"ನಿನ್ನೆ ಮಧ್ಯಾಹ್ನ ಏನಾದ್ರೂ ನೋಡಿದ್ರಾ?"

"ಎರಡು ಸಲ ಎದೆ ಹಿಡ್ಕೊಂಡಿದೆ ಸಾರ್ ನಂಗೆ. ಗಾಬರಿಯಾಗೋದು ಏನನ್ನೂ ನೋಡ್ಬೇಡ ಅಂದಿದಾರೆ ಡಾಕ್ಟ್ರು." ಆಕೆ ಸೂಜಿಗೆ ದಾರ ಪೋಣಿಸಿದಳು. "ಮೂರನೇ ಸಲ ಹಿಡ್ಕೊಂಡ್ರೆ ನನ್ನ ಹೊತ್ಕೊಂಡು ಆ ಮೆಟ್ಲು ಇಳಿಯೋಕೆ ಎಷ್ಟು ಜನ ಬೇಕು? ನೀವೇ ಹೇಳಿ, ಮೀಸೆಯವ್ರೇ."

ಮೀಸೆ ಆಕೆಯನ್ನು ನೋಡಿ ನಾಲ್ಕು ಬೆರಳು ಎತ್ತಿದ. ಇನ್ನೊಮ್ಮೆ ನೋಡಿ ಇನ್ನೆರಡು ಸೇರಿಸಿದ. ಅಕ್ಕ ಗಹಗಹಿಸಿ ನಕ್ಕಳು. ನಕ್ಕ ಮೇಲೆ ಎದೆಯ ಮೇಲೆ ಕೈಯಿಟ್ಟು, ಉಸಿರು ಹಿಡಿತಕ್ಕೆ ಬರಲೆಂದು ಕಾದಳು. ಇನ್ಸ್‌ಪೆಕ್ಟರ್ ನಗಲಿಲ್ಲ.

ಗಲ್ಲಿಯ ನಟ್ಟನಡುವಿನ ಮನೆಯಲ್ಲಿ ಮಾತ್ರ ಹಳೆಯ ನಂಬರು ಹಾಗೇ ಇತ್ತು: ಹದಿನಾರು. ನಿವೃತ್ತ ಲೆಕ್ಕದ ಮೇಷ್ಟ್ರು ಮುಖ ಊದಿಸಿಕೊಂಡು ಜಗಲಿಯಲ್ಲಿ ಕೂತಿದ್ದರು.

"ನಿಮ್ಮನೆಗೆ ಯಾಕೆ ಬಳಿದಿಲ್ಲ ಮೇಷ್ಟ್ರೇ?"

"ಯಾವ ಕಡೆಯಿಂದ ಎಣಿಸಿದ್ರೂ ನಡುವಿಂದು ಹದಿನಾರೇ ತಾನೆ? ನನ್ನ ಹಣೆಬರಹ. ನಿನ್ನೆ ಬೆಳಿಗ್ಗೆಯಿಂದ ಬಣ್ಣ ಕಲಸ್ಕೊಂಡು ಕಾದಿದ್ದೆ, ಒಬ್ರೂ..." ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. "ಕೂತ್ಕೊಳಿ, ನೀರು ತರ್ತೀನಿ."

ಅವರು ಕೊಟ್ಟ ಸ್ಟೂಲಿನ ಮೇಲೆ ಇನ್ಸ್‌ಪೆಕ್ಟರ್ ಕೂತರು. ಎದುರು ಗೋಡೆಯ ನಂಬರು ಸರಿಯಾಗಿ ಅವರ ಭುಜದ ಮಟ್ಟಕ್ಕೆ ಬಂತು. ಕೂತಲ್ಲಿಂದಲೇ ಕೈ ಚಾಚಿ ಗಾಳಿಯಲ್ಲಿ ಒಂದು ಸೊನ್ನೆ ಬರೆದರು.

"ಮೀಸೆ, ಈ ಗಲ್ಲೀಲಿ ಕೂತ್ಕೊಂಡೇ ಬಣ್ಣ ಬಳಿಯೋರು ಯಾರಿದಾರೆ?"

ಒಳಗೆ ಲೋಟ ಬಿದ್ದ ಸದ್ದಾಯಿತು. ಮೀಸೆ ನೆಲ ಹುಡುಕಿದ. ಚೆಲ್ಲಿದ ಬಿಳಿ ಬಣ್ಣವನ್ನು ತುಳಿದು ಹೋದ ಗಾಲಿಯ ಗೆರೆಯೊಂದು ಟೈಲರ್ ಅಕ್ಕನ ಹೊಸ್ತಿಲಲ್ಲಿ ಮುಗಿದಿತ್ತು.

ಎರಡೂ ಮೂವತ್ತೈದು. ಒಳಕೋಣೆಯಲ್ಲಿ ಗಾಲಿ ಕುರ್ಚಿಯ ಮೇಲೆ ಆಕೆಯ ಗಂಡ. ಅಂಗಡಿ ಬೋರ್ಡು ಬರೆಯುವ ಪೇಂಟರ್.

"ನಂಬರು ನಿಮ್ಮ ಕೈಯವೇನಾ?"

"ನೋಡಿದ್ರೆ ಗೊತ್ತಾಗಲ್ವಾ ಸಾರ್? ಸರ್ಕಾರದೋರು ಬರೆದಿದ್ದು ಕೋಳಿ ಕೆರೆದಂಗಿತ್ತು."

"ಹೇಳ್ಕೊಟ್ಟೋರು ಯಾರು?"

"ನಾನೇ. ಒಂದನೇ ನಂಬರು ಮೇಲಿನ ರಸ್ತೆ ಕಡೆ ಬಂದ್ರೆ ಗಾಡೀನೂ ಮೇಲ್ಗಡೆ ಬರುತ್ತೆ ಅಂತ ಸರ್ವೆಯವರ ಬಾಯಿಂದಾನೇ ಕೇಳಿದ್ದೆ. ಉಳಿದೋರು ಅವರವರ ಗೋಡೆ ಸಾರಿಸ್ಕೊಂಡ್ರು, ಅಷ್ಟೇ."

"ಅರ್ಜಿ ಕೊಡ್ಬಾರ್ದಿತ್ತಾ?"

ಪೇಂಟರ್ ಕುರ್ಚಿಯ ದಿಂಬಿನಡಿಯಿಂದ ಒಂದು ಕಾಗದ ತೆಗೆದ. ಒಂದೇ ಅರ್ಜಿ, ಮೂರು ಮೊಹರು. ಆಂಬುಲೆನ್ಸಿನವರು ನಕ್ಷೆಯ ವಿಷಯವೆಂದು ಅಗ್ನಿಶಾಮಕಕ್ಕೆ ಕಳಿಸಿದ್ದರು. ಅವರು ರಸ್ತೆಯ ವಿಷಯವೆಂದು ಪೊಲೀಸರಿಗೆ. ಪೊಲೀಸರು ರೋಗಿಯ ವಿಷಯವೆಂದು ಮತ್ತೆ ಆಂಬುಲೆನ್ಸಿಗೆ. ಆ ಮೂರನೆಯ ಮೊಹರಿನ ಕೆಳಗಿದ್ದ ಸಹಿ ಇನ್ಸ್‌ಪೆಕ್ಟರದೇ.

ಅವರು ಕಾಗದವನ್ನು ನಿಧಾನವಾಗಿ ಮಡಚಿದರು. "ನಿಮ್ಮನ್ನ ಬಂಧಿಸ್ತಾ ಇದೀನಿ."

"ಇಲ್ಲೇ ಜಾಮೀನು ಕೊಡಬಹುದಲ್ಲ ಸಾರ್, ಪಾಪ," ಎಂದರು ನಕ್ಷೆ ಮೇಡಂ.

"ಕೊಡಬಹುದು. ಆದ್ರೆ ಆರೋಪೀನ ಠಾಣೆಗೆ ಕರ್ಕೊಂಡು ಹೋಗೋದು ನಿಜವಾದ ಕೆಲಸ ಹೌದೋ ಅಲ್ವೋ ಮೇಡಂ?"

ಮೇಡಂ ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

ಇನ್ಸ್‌ಪೆಕ್ಟರ್ ವೈರ್‌ಲೆಸ್ ಎತ್ತಿದರು. ಕೆಳಗಿದ್ದ ಡ್ರೈವರ್ ಗೊಣಗಿದ: "ಕಂಪ್ಯೂಟರ್ ಇಲ್ಲೇ ಇರು ಅಂತಿದೆ ಸಾರ್."

"ಆರೋಪಿ ಗಾಲಿ ಕುರ್ಚೀಲಿದಾರೆ. ನೀನು ಹೊತ್ಕೊಂಡು ಇಳೀತೀಯಾ? ಮೇಲಿನ ರಸ್ತೆಗೆ ಬಾರಯ್ಯ."

ಏಳು ನಿಮಿಷಕ್ಕೆ ಜೀಪು ಮೇಲಿನ ರಸ್ತೆಯಲ್ಲಿ ನಿಂತಿತ್ತು. ಅಷ್ಟರಲ್ಲಿ ಗಲ್ಲಿಗೆ ಗಲ್ಲಿಯೇ ಬಣ್ಣದ ಡಬ್ಬಿ ಹಿಡಿದು ತಮ್ಮನ್ನೂ ಬಂಧಿಸಿ ಎಂದು ಸಾಲುಗಟ್ಟಿತ್ತು. ಮುಂದೆ ಹದಿನಾರನೆಯ ಮನೆಯ ಮೇಷ್ಟ್ರು: "ಪ್ರಯತ್ನ ಮಾಡಿದ್ದೆ ಅಂತಾದ್ರೂ ಬರ್ಕೊಳಿ!"

ಜಾಮೀನು ಕೊಡಲೆಂದು ಟೈಲರ್ ಅಕ್ಕನೂ ಜೀಪು ಹತ್ತಿದಳು. ಜೀಪು ಒಂದು ಕಡೆ ವಾಲಿತು.

ಸೋಮವಾರದೊಳಗೆ ನಂಬರುಗಳನ್ನು ಮೊದಲಿದ್ದಂತೆ ತಿರುಗಿ ಬರೆಯುತ್ತೇನೆಂದು ಪೇಂಟರ್ ದಾರಿಯಲ್ಲೇ ಒಪ್ಪಿಕೊಂಡ. ಮೂರೇ ಅಡಿಯಲ್ಲಿ, ಆದರೆ ಚೆಂದವಾಗಿ. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದ: "ಮೂರು ವರ್ಷದ ಹಿಂದೆ ಏಣಿಯಿಂದ ಬಿದ್ದೆ ಸಾರ್. ಬಿದ್ದಾಗ ಕಾಲು ಆಡ್ತಿತ್ತು. ಗಾಡಿ ಕೆಳಗೆ ನಿಂತಿತ್ತು. ಗಲ್ಲಿಯವರು ಬಾಗಿಲು ಕಿತ್ತು ಅದರ ಮೇಲೆ ಮಲಗಿಸ್ಕೊಂಡು ಇಳಿಸಿದ್ರು. ನಡುವೆ ಒಬ್ರ ಕಾಲು ಜಾರಿತು. ಯಾರದು ಅಂತ ನಾನು ಹೇಳಲ್ಲ. ಪಾಪ, ಅವರೇ ನಿನ್ನೆ ಬೆಳಿಗ್ಗೆಯಿಂದ ಬಣ್ಣ ಕಲಸ್ಕೊಂಡು ಕೂತಿದ್ರು." ಹೆಂಡತಿಯ ಕಡೆ ನೋಡಿದ. "ಇವಳನ್ನ ಬಾಗಿಲ ಮೇಲೆ ಇಳಿಸೋದು ಬೇಡ ಅನ್ನಿಸ್ತು."

"ಬಾಗಿಲೂ ತಡೆಯಲ್ಲ," ಎಂದಳು ಅಕ್ಕ, ಮೂಗು ಒರೆಸಿಕೊಂಡು.

ಕಾಲು ಜಾರಿದ ಸಂಗತಿಯನ್ನು ಇನ್ಸ್‌ಪೆಕ್ಟರ್ ಎಲ್ಲೂ ಬರೆಯಲಿಲ್ಲ. ಬಂಧನದ ವರದಿಯಲ್ಲಿ ಅವರು ಎರಡು ಸಲ ಓದಿ ಸಹಿ ಹಾಕಿದ್ದು ಒಂದೇ ಸಾಲಿಗೆ: ವಾಹನ ನಿಂತ ಸ್ಥಳ, ಮೇಲಿನ ರಸ್ತೆ.