ಐವತ್ತರ ಗೆರೆ

ಈ ವರ್ಷವೂ ಪಿಎಚ್.ಡಿ.ಗೆ ಯಾರೂ ಸೇರದಿದ್ದರೆ ನಿಯಂತ್ರಣ ತಂತ್ರಜ್ಞಾನ ವಿಭಾಗವನ್ನು ಮುಚ್ಚಲಾಗುವುದು ಎಂದು ಕುಲಸಚಿವರು ಬರೆದಿದ್ದರು. ಪತ್ರ ಓದಿ ಮುಗಿಸುವಷ್ಟರಲ್ಲಿ ಪ್ರೊಫೆಸರ್ ವಾಗ್ದೇವಿಯವರ ಕಿವಿಯ ಹಿಂದಿದ್ದ ಚಿತ್ತಸ್ಥಾಪಕ ಸಣ್ಣಗೆ ಜುಮ್ಮೆಂದಿತು. ಆಗಬೇಕಾಗಿದ್ದ ಸಂಕಟ ಆಗಲಿಲ್ಲ. ಅವರು ಚಹಾ ಕುಡಿದರು.

ಚಿತ್ತಸ್ಥಾಪಕ ಅವರದೇ ಆವಿಷ್ಕಾರ. ಮನಸ್ಸಿನ ಮಟ್ಟವನ್ನು ಕ್ಷಣಕ್ಷಣಕ್ಕೂ ಅಳೆದು, ಅದು ಕುಸಿದಷ್ಟೂ ಹೆಚ್ಚು ವಿದ್ಯುತ್ತನ್ನು ಸೌಮ್ಯವಾಗಿ ಹರಿಸಿ, ನೂರರ ಅಳತೆಯಲ್ಲಿ ಮತ್ತೆ ಐವತ್ತಕ್ಕೆ ತಂದು ನಿಲ್ಲಿಸುವ ಬಿಲ್ಲೆ. ಹನ್ನೊಂದು ವರ್ಷಗಳ ಹಿಂದೆ, ಏಳು ವರ್ಷದ ಮಗ ತೀರಿಕೊಂಡ ಮೇಲೆ, ಮೊದಲ ಬಿಲ್ಲೆಯನ್ನು ಅವರು ತಮಗೇ ಅಂಟಿಸಿಕೊಂಡಿದ್ದರು. ಈಗ ಅದಿಲ್ಲದ ಕಿವಿ ಊರಿನಲ್ಲಿ ಸಿಗುವುದಿಲ್ಲ. ಜಗಳ ಕಡಿಮೆಯಾಯಿತು, ಬಿ.ಪಿ. ಮಾತ್ರೆ ಕಡಿಮೆಯಾಯಿತು. ಸಂಶೋಧನೆಯ ಅರ್ಜಿಗಳೂ ನಿಂತುಹೋದವು. ತಲೆಯಲ್ಲಿ ಹುಳ ಕೊರೆಯದಿದ್ದರೆ ಐದು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಲು ಯಾರಿಗೆ ಹುಚ್ಚು?

ಈ ಸಲ ಒಬ್ಬನೇ ಒಬ್ಬ ಸಂದರ್ಶನಕ್ಕೆ ಬಂದಿದ್ದ. ತಿಪ್ಪೇಸ್ವಾಮಿ, ನಲವತ್ತಾರು ವರ್ಷ, ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಸಂಜೆ ಕಾಲೇಜಿನಲ್ಲಿ ಓದಿ ಇಂಜಿನಿಯರಿಂಗ್ ಮುಗಿಸಿದ್ದ.

"ಈ ವಯಸ್ಸಲ್ಲಿ ಪಿಎಚ್.ಡಿ. ಯಾಕೆ?" ಎಂದರು ವಾಗ್ದೇವಿ.

"ನನ್ನ ಹೆಂಡ್ತಿ ತೀರ್ಕೊಂಡು ಎರಡು ವರ್ಷ ಆತು ಮೇಡಂ. ನಾನು ಅಳ್ಲಿಲ್ಲ. ಮಣ್ಣು ಮಾಡಿ ಬಂದು ಎರಡನೇ ಶಿಫ್ಟಿಗೆ ಹೋದೆ. ನಿಂಗೆ ಅವ್ವನ ಮೇಲೆ ಪ್ರೀತಿನೇ ಇರ್ಲಿಲ್ಲ ಅಂತಾಳೆ ಮಗಳು. ಇತ್ತೋ ಇಲ್ವೋ ನಂಗೂ ಗೊತ್ತಿಲ್ಲ. ಅದನ್ನ ಕಂಡುಹಿಡೀಬೇಕು."

ಅವನ ದನಿ ಏರಲಿಲ್ಲ, ಇಳಿಯಲಿಲ್ಲ. ವಾಗ್ದೇವಿ ಅವನ ಬಿಲ್ಲೆಯ ದಾಖಲೆ ತೆರೆದರು.

"ಆ ದಿನವೂ ನಿಮ್ಮ ಮಟ್ಟ ಐವತ್ತೇ ಇದೆ. ನಿಮಗೆ ದುಃಖ ಆಗಿಲ್ಲ."

"ಮಟ್ಟ ನೋಡಿ ಬಾಯ್ಲರ್ ನಂಬ್ತಾರಾ ಮೇಡಂ? ಒಳಗೆ ಟ್ಯೂಬ್ ಸೋರ್ತಿದ್ರೂ ನೀರು ಐವತ್ತೇ ತೋರಿಸ್ತದೆ. ಸೋರಿದಷ್ಟೂ ನೀರು ಬಿಡೋ ವಾಲ್ವು ಹೆಚ್ಚೆಚ್ಚು ತೆರ್ಕೊಂಡು ತುಂಬ್ತಾ ಇರ್ತದಲ್ಲ! ನಮ್ಮಲ್ಲಿ ಶಿಫ್ಟ್ ವಹಿಸ್ಕೊಳ್ಳೋನು ಮೊದಲು ವಾಲ್ವು ನೋಡ್ತಾನೆ. ಆಮೇಲೆ ಮಟ್ಟ."

ಮೂವತ್ತು ವರ್ಷ ಪಾಠ ಹೇಳಿದ ಪ್ರೊಫೆಸರರು ಮತ್ತೆ ಪರದೆಯತ್ತ ತಿರುಗಿದರು. ಬಿಲ್ಲೆ ಎಷ್ಟು ವಿದ್ಯುತ್ತು ಹರಿಸುತ್ತಿದೆ ಎಂಬ ಲೆಕ್ಕ ಅದರೊಳಗೇ ಇತ್ತು. ಜನ ಗಾಬರಿಯಾಗದಿರಲಿ ಎಂದು ಅದು ಯಾರಿಗೂ ಕಾಣದಂತೆ ಮಾಡಿದ್ದವರು ಅವರೇ. ತಾವೂ ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಈಗ ಆ ಲೆಕ್ಕದ ಗೆರೆಯನ್ನು ತೆರೆದರು. ಹೆಂಡತಿ ಸಾಯುವ ಹಿಂದಿನ ದಿನದವರೆಗೆ ನೂರಕ್ಕೆ ಹನ್ನೆರಡು. ಸತ್ತ ದಿನ ತೊಂಬತ್ತೆಂಟು. ಇವತ್ತಿಗೂ ತೊಂಬತ್ತೆಂಟು.

ತಿಪ್ಪೇಸ್ವಾಮಿ ಬಹಳ ಹೊತ್ತು ನೋಡಿದ. "ಇತ್ತು ಹಂಗಾದ್ರೆ," ಎಂದ. ಸಂತೋಷವೂ ಆಗಲಿಲ್ಲ, ಅಳುವೂ ಬರಲಿಲ್ಲ. "ಒಂದು ಪ್ರಿಂಟ್ ಕೊಡ್ರಿ. ಮಗಳಿಗೆ ತೋರಿಸ್ಬೇಕು."

ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಅವನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಹಾಗಾದರೆ ಇದ್ದೊಬ್ಬ ಅಭ್ಯರ್ಥಿಯೂ ಕೈತಪ್ಪಿದ ಎಂದುಕೊಂಡರು ವಾಗ್ದೇವಿ.

"ಇನ್ನು ಪಿಎಚ್.ಡಿ. ಬೇಡ ಅಲ್ಲವೇ?"

"ಈಗಲೇ ಬೇಕಾಗಿರೋದು. ಈ ಬಿಲ್ಲೆನ ಒಮ್ಮೆಲೇ ಬಂದ್ ಮಾಡಿದ್ರೆ ನಾನು ಉಳಿಯಲ್ಲ. ದಿನಕ್ಕೆ ಎಷ್ಟೆಷ್ಟು ಮುಚ್ಚಬಹುದು ಅಂತ ತಿಳ್ಕೋಬೇಕು. ಒಂದು ದಿನ ಕೂತು ಅಳ್ಬೇಕು ಮೇಡಂ, ಅವಳಿಗೋಸ್ಕರ."

ವಾಗ್ದೇವಿ ಅದನ್ನೇ ಅರ್ಜಿಯಲ್ಲಿ ಸಂಶೋಧನೆಯ ವಿಷಯವೆಂದು ಬರೆದು ಸಹಿ ಹಾಕಿದರು. ಆಮೇಲೆ, ಯಾಕೆಂದು ತಮಗೇ ತಿಳಿಯದೆ, ಇನ್ನೊಂದು ಬಿಲ್ಲೆಯ ಸಂಖ್ಯೆ ಒತ್ತಿದರು.

ಪರದೆಯ ಮೇಲೆ ಮಟ್ಟ ಐವತ್ತು. ಅದರ ಕೆಳಗಿನ ಗೆರೆ ಹನ್ನೊಂದು ವರ್ಷಗಳಿಂದ ತೊಂಬತ್ತೊಂಬತ್ತರಲ್ಲೇ ನಿಂತಿತ್ತು.

"ಇದು ಯಾರ್ದು ಮೇಡಂ?"

"ನನ್ನದು. ಒಬ್ಬ ಮಗನಿದ್ದ."

ತಿಪ್ಪೇಸ್ವಾಮಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತ. ಶಿಫ್ಟ್ ವಹಿಸಿಕೊಳ್ಳುವವನ ಹಾಗೆ ಆ ಅಂಕಿಯನ್ನು ಎರಡು ಸಲ ನೋಡಿದ.

"ಹಂಗಾದ್ರೆ ಮೊದಲು ಮುಚ್ಚೋದು ನಿಮ್ಮ ವಾಲ್ವು," ಎಂದ.