ಎರಡು ಕಿಲೋ ಕಲ್ಲು

"ಆರು ಕಿಲೋ ಅಂತ ಕೊಟ್ಟದ್ದು ಐದೂವರೆ! ಇದೇನ್ರೀ ನಿಮ್ಮ ಸಂತೆಯ ನ್ಯಾಯ?"

ವೆಂಕಟರಾಮ ಅವರು ಟೊಮೇಟೊ ಚೀಲವನ್ನು ನನ್ನ ಮೇಜಿನ ಮೇಲೆ ದೊಪ್ಪನೆ ಹಾಕಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಮೈದಾನದ ಎದುರು ಬೀದಿಯಲ್ಲೇ ಮನೆ. ಮಗಳ ಸೀಮಂತದ ಅಡುಗೆಗೆಂದು ಬೆಳಿಗ್ಗೆ ಆರೂವರೆಗೆ ಕೊಂಡು ಹೋಗಿದ್ದರು. ಮನೆಯಲ್ಲಿ ತೂಗಿ ನೋಡಿ, ಸಿಟ್ಟಿನಿಂದ ಕೆಂಪಾಗಿ ವಾಪಸು ಬಂದಿದ್ದರು.

1996ರ ಜುಲೈ ತಿಂಗಳ ಒಂದು ಭಾನುವಾರ. ಸೇಲಂನ ಹಸ್ತಂಪಟ್ಟಿಯಲ್ಲಿ ಒಂದು ಶಾಲೆಯ ಮೈದಾನ. ನಲವತ್ತು ಜನ ರೈತರು ಸಾಲಾಗಿ ಕೂತಿದ್ದರು. ಒಬ್ಬಳು ಬದನೆಕಾಯಿಯನ್ನು ಲಾಭ, ಎರಡು, ಮೂರು ಎಂದು ತೂಗಿ ಸುರಿಯುತ್ತಿದ್ದಳು. ಇನ್ನೊಬ್ಬ ನುಗ್ಗೆಕಾಯಿ ಕಟ್ಟು ಹಿಡಿದು ಕೂಗುತ್ತಿದ್ದ. ಇದು ನಮ್ಮ ರೈತ ಸಂತೆ ಸಂಘದ ಸಂತೆ. ಇಂಥವು ಊರಲ್ಲಿ ಮೂರು. ಮೂರನ್ನೂ ನಾಲ್ಕು ವರ್ಷದಿಂದ ನಡೆಸುತ್ತಿರುವವಳು ನಾನು, ಶ್ರೀವಿದ್ಯಾ. ದಲ್ಲಾಳಿ ಇಲ್ಲ, ಮಂಡಿ ಇಲ್ಲ. ಬೆಳೆದವರೇ ಮಾರಬೇಕು, ತೂಕ ಸರಿಯಿರಬೇಕು. ಬಡಾವಣೆಯ ಜನ ನಂಬಿ ಬರುತ್ತಿದ್ದದ್ದು ಆ ಎರಡು ಮಾತಿಗೆ.

ಚೀಲವನ್ನು ಸಂಘದ ದೊಡ್ಡ ತಕ್ಕಡಿಗೆ ಹಾಕಿದೆ. ಐದು ಕಿಲೋ ಐನೂರ ಐವತ್ತು ಗ್ರಾಂ.

"ಯಾರ ಹತ್ರ ತಗೊಂಡ್ರಿ?"

"ಗೇಟಿನ ಪಕ್ಕ ಕೂತಿರೋ ಅಜ್ಜಿ."

ಸಿದ್ದಲಕ್ಷ್ಮಮ್ಮ! ಕಂಬೈನಲ್ಲೂರಿನ ಹತ್ತಿರದ ಹಳ್ಳಿಯವಳು. ಸಂತೆ ಶುರುವಾದ ಮೊದಲ ದಿನದಿಂದ ಆ ಜಾಗ ಅವಳದು. ಗೇಟು ದಾಟಿದ ಕೂಡಲೇ ಸಿಗುವ ಜಾಗ, ತಲೆ ಮೇಲೆ ಬೇವಿನ ನೆರಳು, ಒಂಬತ್ತು ಗಂಟೆಗೆಲ್ಲ ಬುಟ್ಟಿ ಖಾಲಿ.

ದಡದಡನೆ ಹೋದೆ. ಅವಳ ತಕ್ಕಡಿಯಲ್ಲಿದ್ದ ಎರಡು ಕಿಲೋ ಕಲ್ಲನ್ನು ಎತ್ತಿ ತಿರುಗಿಸಿದೆ. ಕಬ್ಬಿಣದ ತೂಕದ ಕಲ್ಲಿನ ತಳದಲ್ಲಿ ಒಂದು ಗುಳಿ ಇರುತ್ತದೆ. ಅದಕ್ಕೆ ಸೀಸ ತುಂಬಿ, ಸೀಸದ ಮೇಲೆ ಸರ್ಕಾರದ ಮುದ್ರೆ ಒತ್ತುತ್ತಾರೆ. ಇದರಲ್ಲಿ ಮುದ್ರೆ ಕಾಣಲಿಲ್ಲ. ಉಗುರಿನಿಂದ ಕೆರೆದೆ. ಮೇಣ! ಕಪ್ಪು ಬಳಿದ ಮೇಣ! ಒಳಗಿನ ಸೀಸವನ್ನೆಲ್ಲ ಯಾರೋ ಕೆರೆದು ತೆಗೆದಿದ್ದರು. ತೂಗಿದರೆ ಒಂದು ಕಿಲೋ ಎಂಟುನೂರ ಐವತ್ತು.

"ನಾನೇ ಕಣ್ಣಾರೆ ನೋಡ್ದೆ ಮೇಡಂ," ಎಂದು ಬೆನ್ನ ಹಿಂದಿನಿಂದ ಸುಬ್ಬರಾಯನ್ ಹೇಳಿದ. ಸಂಘದ ಮೇಲ್ವಿಚಾರಕ, ಎರಡು ವರ್ಷದಿಂದ ನನ್ನ ಬಲಗೈ. "ಸಾರ್‌ಗೆ ತೂಗುವಾಗ ಪಕ್ಕದಲ್ಲೇ ನಿಂತಿದ್ದೆ. ಒಣ್ಣು, ರೆಂಡು, ಮೂಣು ಅಂತ ತಮಿಳಲ್ಲಿ ಜೋರಾಗಿ ಎಣಿಸ್ಕೊಂಡೇ ಹಾಕಿದ್ಲು. ಆಗ್ಲೇ ನಂಗೆ ಸಂದೇಹ ಬಂತು."

"ಅಮ್ಮಾ, ನಾನು..." ಎಂದಳು ಸಿದ್ದಲಕ್ಷ್ಮಮ್ಮ.

"ಬಾಯಿ ಮುಚ್ಚು!"

ನನ್ನ ಅಮ್ಮನಿಗಿಂತ ದೊಡ್ಡವಳಿಗೆ ಹೀಗೆ ಅಂದುಬಿಟ್ಟೆ. ತೂಕದಲ್ಲಿ ಮೋಸ ಮಾಡಿದವರು ಆ ಕ್ಷಣವೇ ಹೊರಗೆ, ಮತ್ತೆಂದೂ ಒಳಗಿಲ್ಲ. ಆ ನಿಯಮ ಬರೆದವಳೂ ನಾನೇ. ಸಂತೆಯಲ್ಲಿ ಕೂರಲು ಸಂಘ ಕೊಟ್ಟಿದ್ದ ಅವಳ ಪಾಸನ್ನು ಕಿತ್ತುಕೊಂಡು, ನೂರು ಜನರ ಎದುರಿಗೆ ಪರ್ರನೆ ಹರಿದು ಹಾಕಿದೆ. ಅವಳು ಬುಟ್ಟಿ ತಲೆ ಮೇಲಿಟ್ಟುಕೊಂಡು ಹೊರಗೆ ಹೋಗಿ, ವ್ಯಾನಿನ ಪಕ್ಕದಲ್ಲಿ ಕೂತಳು. ಹಳ್ಳಿಯವರನ್ನು ಕರೆದುಕೊಂಡು ಹೋಗುವ ವ್ಯಾನು ಹೊರಡುವುದು ಹತ್ತು ಗಂಟೆಗೆ.

ಎಂಟು ಗಂಟೆಗೆ ಗೋದತ್ತೆ ಬಂದಳು. ಗೋದಾಬಾಯಿ ನನ್ನ ಅಪ್ಪನ ಅಕ್ಕ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಪ್ರತಿ ಭಾನುವಾರ ಕೈಚೀಲ ಹಿಡಿದು ನಮ್ಮ ಸಂತೆಗೆ ಬರುತ್ತಾಳೆ.

"ವಿದ್ಯಾ, ನನ್ನ ಟೊಮೇಟೊ ಅಜ್ಜಿ ಎಲ್ಲೇ?"

"ಕಳ್ಳಿ ಅವಳು! ಓಡಿಸಿದೆ!" ಎಂದು ನಡೆದದ್ದನ್ನೆಲ್ಲ ಒದರಿದೆ.

ಅತ್ತೆ ಕಲ್ಲನ್ನು ಕೈಗೆ ತೆಗೆದುಕೊಂಡಳು. ತಳವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಇಷ್ಟು ನಾಜೂಕಾಗಿ ಸೀಸ ಕೆರೆಯೋಕೆ ಉಳಿ ಬೇಕು, ಬಿಡುವು ಬೇಕು. ಈ ಕಲ್ಲು ಅವಳ ಕೈಯಲ್ಲಿ ಎಷ್ಟು ಹೊತ್ತು ಇರುತ್ತೆ?"

"ಬೆಳಿಗ್ಗೆ ಆರರಿಂದ ಹತ್ತು."

"ಆಮೇಲೆ?"

"ಕಲ್ಲುಗಳೆಲ್ಲ ಸಂಘದ್ದು. ಪೆಟ್ಟಿಗೆಗೆ ಹಾಕಿ ಬೀಗ. ಒಂದೊಂದು ಕಲ್ಲಿಗೂ ಬಣ್ಣದಲ್ಲಿ ನಂಬರ್ ಬರೆದಿದೆ. ಯಾವ ನಂಬರ್ ಯಾರದು ಅಂತ ಎಲ್ಲರಿಗೂ ಗೊತ್ತು."

"ಮತ್ತೆ ಸಂತೆ ನಡುವೆ ಕೂತು ಕೆರೆದಳಾ ಅಜ್ಜಿ? ಅಲ್ಲ ಕಣೇ, ಸಿಟ್ಟು ಬಂದರೆ ನಿನಗೆ ಲೆಕ್ಕವೂ ಮರೆತುಹೋಗುತ್ತಾ?"

ಮೈ ಉರಿಯಿತು. ಕಲ್ಲನ್ನು ಅವಳ ಕೈಯಿಂದ ಕಿತ್ತು ಮೇಜಿನ ಮೇಲಿಟ್ಟೆ.

"ಹತ್ತು ಗಂಟೆಗೆ ಅವಳು ಊರಿಗೆ ಹೋಗ್ತಾಳೆ," ಎಂದಳು ಅತ್ತೆ. "ಕಳ್ಳಿ ಅನ್ನೋ ಹೆಸರು ಹೊತ್ತುಕೊಂಡು ಇಳಿದರೆ ಮತ್ತೆ ಈ ಕಡೆ ಮುಖ ಹಾಕ್ತಾಳಾ? ನಡಿ. ಅಷ್ಟರೊಳಗೆ ಕೇಳೋದನ್ನ ಕೇಳೋಣ."

ಮೊದಲು ಎದುರು ಬೀದಿಯ ಮನೆಯಲ್ಲಿ ವೆಂಕಟರಾಮ ಅವರನ್ನು ಅತ್ತೆ ಕೇಳಿದಳು.

"ತೂಗುವಾಗ ನೀವು ನೋಡ್ತಾ ಇದ್ರಾ?"

"ಇಲ್ಲಮ್ಮ. ಸ್ಕೂಟರ್ ಗೇಟಿಗೆ ಅಡ್ಡ ನಿಲ್ಲಿಸಿದ್ದೆ. ಯಾರೋ ಕೂಗ್ತಿದ್ರು. ಆ ಕಡೆ ತಿರುಗಿದ್ದೆ."

"ನಿಮ್ಮ ಪಕ್ಕದಲ್ಲಿ ಬೇರೆ ಯಾರು ಇದ್ರು?"

"ಗಮನಿಸಲಿಲ್ಲ."

ಆಮೇಲೆ ಪಕ್ಕದ ಜಾಗದ ಮುನಿಲಕ್ಷ್ಮಿ. ಗೇಟಿನ ಹತ್ತಿರದ ನೆರಳಿಗಾಗಿ ಹೋದ ತಿಂಗಳು ಇವಳು ಸಿದ್ದಲಕ್ಷ್ಮಮ್ಮನ ಜೊತೆ ಜುಟ್ಟು ಹಿಡಿಯುವಷ್ಟು ಜಗಳ ಆಡಿದ್ದಳು. ನನಗೆ ಈಗ ಅವಳ ಮೇಲೆ ಅನುಮಾನ.

"ಆ ಜಾಗ ನಿನಗೆ ಬೇಕಿತ್ತಲ್ವಾ?" ಎಂದೆ.

"ಬೇಕಿತ್ತು! ಇಲ್ಲಿ ಬಿಸ್ಲು ಬಡೀತೈತೆ, ಬದ್ನೆಕಾಯೆಲ್ಲ ಬಾಡ್ತೈತೆ. ಅದ್ಕೆ ಕಲ್ ಕೆರೀತೀನಾ? ಜಗಳ ಆಡೋದಿದ್ರೆ ಮೂತಿಗೆ ಮೂತಿ ಕೊಟ್ಟು ಆಡ್ತೀನಿ. ಇಂಥ ಕಳ್ ಕೆಲ್ಸ ನಮ್ಗೆ ಬರಾಕಿಲ್ಲ, ಓಗ್ರಮ್ಮ, ಪೋಂಗಮ್ಮ!"

"ಅಜ್ಜಿ ತೂಗುವಾಗ ಯಾರು ಹತ್ತಿರ ಇದ್ರು?" ಅತ್ತೆ ಕೇಳಿದಳು.

"ಆ ಸಾರು ಒಬ್ರೇ. ಇನ್ಯಾರೂ ಇರ್ಲಿಲ್ಲ."

"ಸುಬ್ಬರಾಯನ್?"

"ಅವ್ರು ಆಗ ಟೀ ಅಂಗ್ಡಿ ತಾವ ಇದ್ರು."

ಅವಳ ಮಾತನ್ನು ನಾನು ನಂಬಲಿಲ್ಲ. ಸುಬ್ಬರಾಯನ್ ಅವಳನ್ನು ಎರಡು ಸಲ ಗದರಿಸಿದ್ದವನು. ಅವನ ಮೇಲೆ ಅವಳಿಗೆ ಹಗೆ ಇರಬಹುದಲ್ಲ?

ವ್ಯಾನು ಓಡಿಸುವ ಗೋವಿಂದಪ್ಪ ಗೇಟಿನ ಹೊರಗೆ ಟೈರಿಗೆ ಒರಗಿ ನಿಂತಿದ್ದ. ನಾಲ್ಕು ಹೆಜ್ಜೆ ಆಚೆ ಸಿದ್ದಲಕ್ಷ್ಮಮ್ಮ ಸೆರಗು ಮುಚ್ಚಿಕೊಂಡು ಕೂತಿದ್ದಳು. ನಾನು ಆ ಕಡೆ ನೋಡಲಿಲ್ಲ.

"ಪೆಟ್ಗೆ ಒರೋದು ನಾನು. ಬೀಗದ ಕೈ ನನ್ ತಾವ ಇಲ್ಲ," ಎಂದ ಗೋವಿಂದಪ್ಪ. "ಬುದ್ವಾರ ಮುದ್ರೆ ಆಕ್ಸಾಕೆ ಅಂತ ಪೆಟ್ಗೆ ತಗೊಂಡೋದ್ವಿ. ಸುಕ್ರುವಾರ ವಾಪಸ್ ತಂದ್ವಿ. ಅಷ್ಟೇ ನಂಗೆ ಗೊತ್ತು."

ಅತ್ತೆ ತಲೆಯಾಡಿಸಿದಳು. ನೇರ ಸುಬ್ಬರಾಯನ್ ಹತ್ತಿರ ಬಂದಳು.

"ಸುಬ್ಬರಾಯನ್, ನೀನು ನೋಡಿದ್ದನ್ನ ಇನ್ನೊಂದು ಸಲ ಹೇಳಪ್ಪ. ನನಗೆ ವಯಸ್ಸಾಯ್ತು, ನಿಧಾನವಾಗಿ ಹೇಳು."

"ಅದೇ ಮೇಡಂ. ಸಾರ್ ಆರು ಕಿಲೋ ಕೇಳಿದ್ರು. ಎರಡು ಕಿಲೋ ಕಲ್ಲಲ್ಲಿ ಮೂರು ಸಲ ತೂಗಿದ್ಲು."

"ಎಣಿಸಿದ್ದು ನಿನ್ನ ಕಿವಿಗೆ ಬಿತ್ತಾ?"

"ಚೆನ್ನಾಗಿ ಬಿತ್ತು. ಒಣ್ಣು, ರೆಂಡು, ಮೂಣು."

"ಒಣ್ಣು ಅಂದ್ಲಾ? ಖಂಡಿತ?"

"ಖಂಡಿತ ಮೇಡಂ. ಬೇಕಿದ್ರೆ ದೇವರ ಮೇಲೆ ಆಣೆ ಇಡ್ತೀನಿ."

"ಆಣೆ ಬೇಡ. ನನ್ನ ಜೊತೆ ಬಾ."

ಅತ್ತೆ ಮುನಿಲಕ್ಷ್ಮಿಯ ಮುಂದೆ ನಿಂತಳು. "ನಾಲ್ಕು ಕಿಲೋ ಬದನೆಕಾಯಿ ತೂಗಮ್ಮ." ಮುನಿಲಕ್ಷ್ಮಿ ಮೊದಲ ತೂಕ ಸುರಿದಳು: "ಲಾಭ." ಎರಡನೆಯದು: "ಎರಡು."

ಈರುಳ್ಳಿಯ ಮುತ್ತಮ್ಮ ತಮಿಳಿನಲ್ಲಿ ಎಣಿಸಿ ತೂಗಿದಳು: "ಲಾಬಂ... ರೆಂಡು..."

ಬೆಂಡೆಕಾಯಿಯ ನಾರಪ್ಪನೂ "ಲಾಭ" ಎಂದೇ ಶುರು ಮಾಡಿದ. ಅತ್ತೆ ಏಳು ಜನರ ಹತ್ತಿರ ತೂಗಿಸಿದಳು. ಏಳು ಜನರ ಬಾಯಲ್ಲೂ ಮೊದಲ ತೂಕ "ಲಾಭ". ಒಬ್ಬರೂ ಒಂದು ಅನ್ನಲಿಲ್ಲ, ಒಣ್ಣು ಅನ್ನಲಿಲ್ಲ.

ಸುಬ್ಬರಾಯನ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ.

"ಗೊತ್ತಾಯ್ತೇನೇ ವಿದ್ಯಾ?" ಅತ್ತೆಯ ದನಿ ಪಾಠ ಹೇಳುವ ದನಿಯಾಯಿತು. "ಇವರು ಅಳೆಯುವಾಗ, ತೂಗುವಾಗ ಮೊದಲನೆಯದಕ್ಕೆ ಒಂದು ಅನ್ನೋದಿಲ್ಲ. ಶುಭವಾಗಲಿ ಅಂತ ಲಾಭ ಅನ್ನೋದು. ರಾಗಿಯಾದರೂ ಅಷ್ಟೇ, ಟೊಮೇಟೊ ಆದರೂ ಅಷ್ಟೇ, ಕನ್ನಡದವರೂ ಅಷ್ಟೇ, ತಮಿಳಿನವರೂ ಅಷ್ಟೇ. ನಾಲ್ಕು ವರ್ಷದಿಂದ ನಾನು ಆ ಅಜ್ಜಿ ಹತ್ತಿರ ತಗೋತೀನಿ. ಒಂದು ದಿನವೂ ಅವಳ ಬಾಯಲ್ಲಿ ಒಂದು ಬಂದಿಲ್ಲ. ಇವನು ಪಕ್ಕದಲ್ಲಿ ನಿಂತಿದ್ದರೆ ಲಾಭ ಅನ್ನೋದು ಕೇಳಿಸಬೇಕಿತ್ತು. ಇವನು ಅಲ್ಲಿರಲಿಲ್ಲ. ಮುನಿಲಕ್ಷ್ಮಿ ಹೇಳಿದ್ದೇ ನಿಜ."

"ಅಲ್ಲಿ... ಅಲ್ಲಿ ಗದ್ದಲ ಇತ್ತು ಮೇಡಂ, ಸರಿಯಾಗಿ..."

"ಈಗ ತಾನೇ ಚೆನ್ನಾಗಿ ಬಿತ್ತು ಅಂದೆಯಲ್ಲ? ಸುಳ್ಳು ಸಾಕ್ಷಿ ಯಾಕೆ ಬೇಕಿತ್ತು ನಿನಗೆ? ಕಲ್ಲು ಕೆಟ್ಟಿದೆ ಅಂದರೆ ಬೀಗದ ಕೈ ಇಟ್ಕೊಂಡು ಕಲ್ಲು ಹಂಚುವ ನಿನ್ನನ್ನೇ ಮೊದಲು ಕೇಳ್ತಾರೆ. ಅಜ್ಜಿ ಬೇಕಂತಲೇ ಮಾಡಿದ್ಲು ಅಂತ ಕಣ್ಣಾರೆ ಕಂಡವನೊಬ್ಬ ಇದ್ದರೆ ಆ ಪ್ರಶ್ನೆ ಬರೋದಿಲ್ಲ." ಅತ್ತೆ ಗೇಟಿನ ಕಡೆ ತಿರುಗಿದಳು. "ಗೋವಿಂದಪ್ಪಾ, ಬುಧವಾರ ಪೆಟ್ಟಿಗೆ ಎಲ್ಲಿ ಇಳಿಸಿದೆ?"

"ಶಂಕಗಿರೀಲಿ ಅಮ್ಮ."

"ಮುದ್ರೆ ಹಾಕೋ ಆಫೀಸು ಇಲ್ಲೇ ಸೇಲಂನಲ್ಲಿದೆ. ಶಂಕಗಿರಿ ಯಾಕೆ?"

"ನಂಗೇನ್ ಗೊತ್ತು? ಸುಬ್ಬರಾಯನ್ ಸಾರು ಅಲ್ಲಿ ಇಳ್ಸು ಅಂದ್ರು. ಅವ್ರ ಎಂಡ್ತಿ ತಂಗಿ ಮನೆ. ಚೆಲ್ಲಮ್ಮ ಅಂತ. ಗಂಡಂದು ಲಾರಿ ಐತೆ, ಟೊಮೇಟೊ ಮಂಡಿ ಐತೆ."

ಚೆಲ್ಲಮ್ಮ! ಮೂರು ವಾರದ ಹಿಂದೆ ಸುಬ್ಬರಾಯನ್ ಒಂದು ಅರ್ಜಿ ತಂದಿದ್ದ. ಸಣ್ಣ ರೈತ ಮಹಿಳೆ, ಎರಡು ಎಕರೆ, ಶಂಕಗಿರಿಯ ಚೆಲ್ಲಮ್ಮ. ಗೇಟಿನ ಹತ್ತಿರವೇ ಜಾಗ ಬೇಕು ಎಂದಿದ್ದ. ಜಾಗ ಖಾಲಿಯಿಲ್ಲ, ಯಾರನ್ನಾದರೂ ತೆಗೆದರೆ ನೋಡೋಣ ಎಂದು ನಾನೇ ಹೇಳಿದ್ದೆ.

"ಮಂಡಿಯವರ ಮಾಲು ಮಾರೋಕೆ ರೈತ ಮಹಿಳೆ ಅನ್ನೋ ಹೆಸರಾ?" ನಾನು ಸುಬ್ಬರಾಯನ್ ಎದುರಿಗೆ ಹೋಗಿ ನಿಂತೆ. "ಯಾರನ್ನ ಹೊರಗಿಡೋಕೆ ಈ ಸಂತೆ ಶುರು ಮಾಡಿದ್ವೋ ಅವರನ್ನೇ ಗೇಟಲ್ಲಿ ಕೂರಿಸ್ತೀಯಾ? ಅದಕ್ಕೆ ಆ ಮುದುಕಿ ಹೆಸರು ಹಾಳು ಮಾಡಿದೆಯಾ?"

ಸುಬ್ಬರಾಯನ್ ಸುತ್ತ ನೋಡಿದ. ಬದನೆಕಾಯಿ ಬಿಟ್ಟು, ಈರುಳ್ಳಿ ಬಿಟ್ಟು ಜನ ಸೇರಿದ್ದರು. ಅವನ ಮುಖದ ಮೇಲಿನ ವಿನಯ ಇಳಿದುಹೋಯಿತು.

"ಒಂದು ಜಾಗಕ್ಕೆ ಇಷ್ಟು ರಾದ್ಧಾಂತ ಬೇಕಾ ಮೇಡಂ? ಆ ಅಜ್ಜಿಗೆ ಈ ಸಂತೆ ಇಲ್ಲದಿದ್ರೆ ಇನ್ನೊಂದು ಸಂತೆ. ನಾನು ಕಲ್ಲು ಕೆರೆದೆ, ಸರಿ. ಪಾಸ್ ಹರಿದಿದ್ದು ಯಾರು? ನಿಮ್ಮ ಸಿಟ್ಟು ನಂಗೆ ಚೆನ್ನಾಗಿ ಗೊತ್ತು. ಇನ್ನೊಬ್ರ ಮಾತು ಕೇಳೋಕೆ ನೀವು ನಿಲ್ಲಲ್ಲ. ಅದನ್ನೇ ನಂಬ್ಕೊಂಡಿದ್ದೆ."

ಕೈ ಎತ್ತಿದೆ. ಹೊಡೆದೇಬಿಡುತ್ತಿದ್ದೆ. ಅತ್ತೆ ಮಣಿಕಟ್ಟು ಹಿಡಿದುಕೊಂಡಳು.

"ಬೀಗದ ಕೈ ಇಸ್ಕೋ. ಕಲ್ಲನ್ನ ತೂಕದ ಆಫೀಸಿಗೆ ಒಪ್ಪಿಸು, ಪೊಲೀಸಿಗೂ ಬರೆದುಕೊಡು. ಗೋವಿಂದಪ್ಪ, ಮುನಿಲಕ್ಷ್ಮಿ ಸಾಕ್ಷಿ ಹೇಳ್ತಾರೆ. ನಿನ್ನ ಸಿಟ್ಟನ್ನ ಆ ಕಾಗದದಲ್ಲಿ ತೋರಿಸು."

ಬೀಗದ ಕೈ ಕಿತ್ತುಕೊಂಡೆ. ಮುನಿಲಕ್ಷ್ಮಿ ಅವನ ಕಾಲಬುಡಕ್ಕೆ ಥೂ ಎಂದು ಉಗಿದಳು. ಅವನು ಗೇಟು ದಾಟುವವರೆಗೂ ನಲವತ್ತು ಜನ ರೈತರು ಎದ್ದು ನಿಂತು ನೋಡುತ್ತಿದ್ದರು. ನನಗೆ ಅವನ ಮೇಲೆ ಸಿಟ್ಟು ಇಳಿದಿರಲಿಲ್ಲ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ನನ್ನ ಮೇಲೇ ಬರುತ್ತಿತ್ತು. ನಾಲ್ಕು ವರ್ಷ ಈ ಸಾಲುಗಳ ನಡುವೆ ಓಡಾಡಿದ್ದೇನೆ. ಅವರು ಹೇಗೆ ಎಣಿಸುತ್ತಾರೆ ಎಂಬುದಕ್ಕೆ ಒಂದು ದಿನವೂ ಕಿವಿ ಕೊಟ್ಟಿರಲಿಲ್ಲ.

ಹತ್ತಕ್ಕೆ ಐದು ನಿಮಿಷ. ಹೊಸ ಪಾಸು ಬರೆದೆ, ಸಂಘದ ಸೀಲು ಒತ್ತಿದೆ, ಹೊರಗೆ ಓಡಿದೆ. ಸಿದ್ದಲಕ್ಷ್ಮಮ್ಮ ಆಗಲೇ ವ್ಯಾನು ಹತ್ತಿ ಕೂತಿದ್ದಳು. ಗೋವಿಂದಪ್ಪ ಅವಳಿಗೆ ಎಲ್ಲವನ್ನೂ ಹೇಳಿದ್ದ.

"ತಪ್ಪಾಯ್ತು ಸಿದ್ದಲಕ್ಷ್ಮಮ್ಮ," ಎಂದೆ. "ಆ ಸುಬ್ಬರಾಯನ್ ಮಾಡಿದ್ದು. ನಿನ್ನ ಜಾಗ ನಿನಗೇ. ಇಳಿದು ಬಾ, ಎಲ್ಲರ ಮುಂದೆ ಹೇಳ್ತೀನಿ."

ಅವಳು ಪಾಸು ತೆಗೆದುಕೊಂಡಳು. ಮಡಿಸಿ ಸೊಂಟದ ಚೀಲಕ್ಕೆ ಸಿಕ್ಕಿಸಿಕೊಂಡಳು. ಇಳಿಯಲಿಲ್ಲ.

"ಆ ಬ್ಯಾಂಕ್ ಸಾರ್‌ನ ಕೇಳಿದ್ರಂತೆ."

"ಹೂಂ."

"ಮುನಿಲಕ್ಷ್ಮೀನ ಕೇಳಿದ್ರಂತೆ. ಈ ಗೋವಿಂದಪ್ಪನ್ನ ಕೇಳಾಕೆ ಇಲ್ಲೀಗಂಟ ಬಂದಿದ್ರಿ, ನಾ ಇಲ್ಲೇ ಕುಂತಿದ್ದೆ. ಆ ಕಳ್ಳನ್ನೂ ಎರಡು ಸಲ ಕೇಳಿದ್ರಂತೆ."

ನಾನು ವ್ಯಾನಿನ ಬಾಗಿಲ ಕಂಬಿ ಹಿಡಿದುಕೊಂಡೆ.

"ಬರಾ ಭಾನ್ವಾರ ಬತ್ತೀನಿ ಕಣಮ್ಮ. ಜಾಗ ನಂದು, ಬಿಡಾಕಿಲ್ಲ. ನೀವು ಏನೂ ಏಳ್ಬೇಡಿ. ಎಲ್ರ ಮುಂದೆ ನನ್ನ ತಾವ ಬಂದು, 'ಏನಾಯ್ತು ಸಿದ್ದಲಕ್ಷ್ಮಮ್ಮ, ನೀ ಏಳು' ಅಂತ ಕೇಳಿ. ಅವಾಗ ನಾ ಏಳ್ತೀನಿ."

ಗೋವಿಂದಪ್ಪ ವ್ಯಾನು ಸ್ಟಾರ್ಟ್ ಮಾಡಿದ.